ಅಳತೆ ಕಾಗದದ ಮೇಲಿರಲಿ

 

ಉರ್ದು, ಕನ್ನಡ ಪಾಠ ಹೇಳುವ ಮೇಷ್ಟ್ರಿಗೆ ಬಡಗಿ ಕೆಲಸದ ಮಾತೇಕೆ ಎಂದು ನೀವು ಕೇಳಬಹುದು. ಒಳಾಂಗಣ ವಿನ್ಯಾಸವೆಂದರೆ ಬಣ್ಣ, ಪರದೆ, ದೀಪಗಳ ಅಂದ ಎಂದು ಅನೇಕರು ತಿಳಿದಿದ್ದಾರೆ. ಆದರೆ ಒಂದು ಕಪಾಟು, ಒಂದು ಅಡುಗೆ ಕಟ್ಟೆ, ಒಂದು ಬಾಗಿಲ ಚೌಕಟ್ಟು ಹೇಗೆ ಕೂಡಬೇಕೆಂದು ಗೆರೆ ಮತ್ತು ಅಂಕಿಗಳಲ್ಲಿ ಬರೆದಿಡುವುದೇ ಅದರ ಬೆನ್ನೆಲುಬು. ಅದೂ ಒಂದು ಬರವಣಿಗೆ. ಆದ್ದರಿಂದಲೇ ಈ ಮಾತು ನನ್ನದೂ ಹೌದು.

ನಾವಿರುವ ಮಾಚೇನಹಳ್ಳಿ ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ ಇದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಆರಂಭವಾಯಿತು. ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಯಿತು. ತಲೆಮಾರುಗಳ ಕಾಲ ನಮ್ಮ ಮನೆಗಳ ಒಲೆ ಉರಿದದ್ದು ಇವುಗಳಿಂದ. ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕಾರ್ಖಾನೆಯ ಕೆಲಸವನ್ನೇ ನಂಬಿ ಕೂರುವ ಕಾಲ ಹೋಯಿತು. ನಮ್ಮ ಹುಡುಗರು ಪ್ಲೈವುಡ್, ಅಲ್ಯೂಮಿನಿಯಂ, ಗ್ರಾನೈಟ್ ಕೆಲಸಕ್ಕೆ ಹೋಗುತ್ತಿದ್ದಾರೆ. ಉಸ್ತಾದರ ಬಳಿ ಕೈಕೆಲಸವನ್ನು ಚೆನ್ನಾಗಿ ಕಲಿಯುತ್ತಾರೆ, ಆದರೆ ನಕ್ಷೆಯ ಹತ್ತಿರ ಬಂದಾಗ ನಿಲ್ಲುತ್ತಾರೆ. ನಕ್ಷೆ ಬಲ್ಲವನು ಗುತ್ತಿಗೆ ಹಿಡಿಯುತ್ತಾನೆ, ಬಾರದವನು ಅವನ ಕೈಕೆಳಗೆ ದಿನಗೂಲಿ ಪಡೆಯುತ್ತಾನೆ.

ಹೆದರಬೇಕಾಗಿಲ್ಲ, ಈ ವಿದ್ಯೆಯ ಮಾತುಗಳು ನಿಮ್ಮ ನಾಲಿಗೆಯ ಮೇಲೇ ಇವೆ. ಉರ್ದುವಿನ ‘ನಕ್ಷಾ’ ಕನ್ನಡದಲ್ಲಿ ನಕ್ಷೆಯಾಗಿದೆ. ನೀವು ಮನೆಯಲ್ಲಿ ಗುನಿಯಾ ಎನ್ನುವುದು ಮೂಲೆಮಟ್ಟ, ರಂದಾ ಎನ್ನುವುದು ಕೀಸುಳಿ. ಇನ್ನು ಕಲಿಯಬೇಕಾದದ್ದು ಮೂರು ನೋಟಗಳು: ಮೇಲಿನಿಂದ ಕಂಡದ್ದು ತಳನಕ್ಷೆ, ಎದುರಿನಿಂದ ಕಂಡದ್ದು ಮುಖನೋಟ, ಕೊಯ್ದು ನೋಡಿದ್ದು ಛೇದನೋಟ. ಇಡೀ ಕಪಾಟನ್ನು 1:20ರಲ್ಲಿ ಬರೆದರೂ ಮೂಲೆಯ ಜೋಡಣೆಯನ್ನು 1:5ರಲ್ಲಿ ಅಥವಾ ಪೂರ್ಣ ಅಳತೆಯಲ್ಲೇ ಬರೆಯಬೇಕು.

ಒಂದು ಲೆಕ್ಕ ನೋಡಿ. ಕಪಾಟಿನ ಅಗಲ 900 ಮಿ.ಮೀ., ಪ್ಲೈವುಡ್ ದಪ್ಪ 18 ಮಿ.ಮೀ. ಎರಡು ಬದಿಯ ಹಲಗೆ ಕಳೆದರೆ ಒಳಗೆ ಉಳಿಯುವುದು 864. ಒಳಬದಿಗೆ 1 ಮಿ.ಮೀ. ಲ್ಯಾಮಿನೇಟ್ ಅಂಟಿಸಿದರೆ 862. ಆ 900ರಲ್ಲಿ ಹೊರಗಿನ ಲ್ಯಾಮಿನೇಟ್ ಕೂಡ ಸೇರಿದ್ದರೆ 860. ಒಬ್ಬ 864ಕ್ಕೆ ಕೊಯ್ದರೆ ಹಲಗೆ ಕೂರುವುದೇ ಇಲ್ಲ. ಯಾವುದು ಸರಿ ಎಂದು ನಕ್ಷೆ ಹೇಳಬೇಕು, ಊಹೆ ಹೇಳಬಾರದು. ಹಾಗೆಯೇ ಎಂಟು ಅಡಿ, ನಾಲ್ಕು ಅಡಿಯ ಹಾಳೆ ಎಂದರೆ 2440 ಮತ್ತು 1220 ಮಿ.ಮೀ. ಗರಗಸ ಪ್ರತಿ ಕೊಯ್ತಕ್ಕೆ 3ರಿಂದ 4 ಮಿ.ಮೀ. ತಿನ್ನುತ್ತದೆ. ಆದ್ದರಿಂದ 1220ರಲ್ಲಿ 610ರ ಎರಡು ತುಂಡು ಸಿಗುವುದಿಲ್ಲ, 600ರ ಎರಡು ಸಿಗುತ್ತವೆ. ಕೊಯ್ಯುವ ಮೊದಲು ಪಟ್ಟಿ ಬರೆದವನು ಹಾಳೆ ಉಳಿಸುತ್ತಾನೆ.

ಗೋಡೆಯ ಅಳತೆಯನ್ನು ಕೆಳಗೆ, ನಡುವೆ, ಮೇಲೆ ಮೂರು ಕಡೆ ತೆಗೆದುಕೊಳ್ಳಿ. ನಮ್ಮ ಗೋಡೆಗಳು ನೇರ ಇರುವುದು ಅಪರೂಪ. ಎರಡು ಗೋಡೆಗಳ ನಡುವೆ ಕೂರುವ ಕಪಾಟಿಗೆ ಅತಿ ಕಡಿಮೆ ಅಳತೆಯೇ ಆಧಾರ. ಚೌಕಟ್ಟಿನ ಎರಡು ಕರ್ಣಗಳು ಸಮವಿದ್ದರೆ ಮೂಲೆ ಸರಿಯಿದೆ ಎಂದರ್ಥ. ಮಲೆನಾಡಿನ ಮಳೆಗೆ ಗೋಡೆ ತೇವ ಹಿಡಿಯುತ್ತದೆ; ಹಿಂಬದಿಯ ಹಲಗೆಗೂ ಗೋಡೆಗೂ ಬಿಡುವ ಸಂದು ಎಷ್ಟೆಂದು ಬರೆಯಿರಿ. ಸಿಂಕ್ ಬಳಿ ಐ.ಎಸ್. 710 ಗುರುತಿನ ಪ್ಲೈವುಡ್ ಬೇಕೆಂದು ನಕ್ಷೆಯಲ್ಲೇ ನಮೂದಿಸಿ.

ಪ್ರತಿ ಹಾಳೆಯ ಮೂಲೆಯಲ್ಲಿ ದಿನಾಂಕ, ಅಳತೆಯ ಪ್ರಮಾಣ, ತಿದ್ದುಪಡಿಯ ಸಂಖ್ಯೆ ಇರಲಿ. ಹೊಸ ನಕ್ಷೆ ಬಂದಾಗ ಹಳೆಯದರ ಮೇಲೆ ‘ರದ್ದು’ ಎಂದು ಬರೆಯಿರಿ. ಗಾರೆ ಮುಚ್ಚುವ ಮೊದಲು ವೈರು, ಪೈಪುಗಳ ಫೋಟೋ ತೆಗೆದಿಡಿ. ಮಾಲೀಕರು ನಡುವೆ ಎರಡು ಡ್ರಾಯರ್ ಹೆಚ್ಚು ಕೇಳಿದರೆ ಅದನ್ನು ಬರೆದು, ದರ ಹಾಕಿ, ಸಹಿ ಪಡೆಯಿರಿ. ಬಾಯಿಮಾತಿನಲ್ಲಿ ಮಾಡಿದ ಹೆಚ್ಚುವರಿ ಕೆಲಸದ ಕೂಲಿ ಕೈಸೇರದೆ ಕಣ್ಣೀರಿಟ್ಟ ಕಾರ್ಮಿಕರು ನಮ್ಮ ಬೀದಿಗಳಲ್ಲೇ ಇದ್ದಾರೆ. ಪವಿತ್ರ ಕುರ್‌ಆನಿನ ಅತಿ ದೀರ್ಘ ಆಯತ್, ಅಲ್ ಬಕರಾ 282, ಸಾಲದ ವ್ಯವಹಾರವನ್ನು ಬರೆದಿಡುವ ಕುರಿತೇ ಇದೆ ಎಂಬುದನ್ನು ನೆನೆಯಿರಿ.

ಎಸ್.ಎಸ್.ಎಲ್.ಸಿ. ಮುಗಿಸಿದವರಿಗೆ ಐ.ಟಿ.ಐ.ಯಲ್ಲಿ ಸಿವಿಲ್ ಡ್ರಾಫ್ಟ್ಸ್‌ಮನ್ ತರಬೇತಿ ಎರಡು ವರ್ಷ. ಹೆಣ್ಣುಮಕ್ಕಳ ಪೋಷಕರು ಇದನ್ನು ಗಮನಿಸಬೇಕು. ನಕ್ಷೆ ಬರೆಯಲು ಬೇಕಾದದ್ದು ತಾಳ್ಮೆ, ಅಚ್ಚುಕಟ್ಟು, ಲೆಕ್ಕ. ಕಂಪ್ಯೂಟರಿಗೆ ಹೋಗುವ ಮೊದಲು ಪೆನ್ಸಿಲ್ ಹಿಡಿಯಿರಿ. ಈ ವಾರ ನಿಮ್ಮ ತರಗತಿಯ ಬೆಂಚನ್ನು ಅಳೆದು ಮೂರು ನೋಟಗಳಲ್ಲಿ ಬರೆಯಿರಿ. ಮುಂದಿನ ರಜೆಯಲ್ಲಿ ಶಿವಮೊಗ್ಗದ ಶಿವಪ್ಪನಾಯಕ ಅರಮನೆಗೆ ಹೋಗಿ, ಅಲ್ಲಿನ ಮರದ ಕಂಬವೊಂದರ ಮುಂದೆ ಕುಳಿತು, ತೊಲೆ ಅದರ ಮೇಲೆ ಹೇಗೆ ಕೂತಿದೆ ಎಂದು ಬರೆದು ತನ್ನಿ. ನಿಮ್ಮ ನಕ್ಷೆಯನ್ನು ಗೆಳೆಯನ ಕೈಗೆ ಕೊಡಿ. ನಿಮ್ಮನ್ನು ಒಂದು ಪ್ರಶ್ನೆಯನ್ನೂ ಕೇಳದೆ ಅವನು ಆ ಬೆಂಚನ್ನು ಮಾಡಬಲ್ಲನೆಂದಾದರೆ ನೀವು ತೇರ್ಗಡೆಯಾದಿರಿ.