ಒಂದು ನಟ್ಟಿನ ಮೇಲಿನ ಭಾರ

1981ರ ಜುಲೈ 17ರ ಸಂಜೆ. ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ನೃತ್ಯಕೂಟ ನಡೆದಿತ್ತು. ಮೇಲೆ ತೂಗುತ್ತಿದ್ದ ಎರಡು ಕಾಲುಸೇತುವೆಗಳು ಕುಸಿದು 114 ಜನ ಸತ್ತರು.

ಮೂಲ ನಕ್ಷೆಯಲ್ಲಿ ಚಾವಣಿಯಿಂದ ಇಳಿದ ಉದ್ದನೆಯ ಸರಳುಗಳೇ ಎರಡೂ ಸೇತುವೆಗಳನ್ನು ಹೊರಬೇಕಿತ್ತು. ಜೋಡಣೆ ಸುಲಭವಾಗಲೆಂದು ಒಂದೊಂದು ಸರಳನ್ನೂ ಎರಡು ಮಾಡಿದರು. ಕೆಳಗಿನ ಸೇತುವೆ ಮೇಲಿನದಕ್ಕೇ ಜೋತುಬಿತ್ತು. ಮೇಲಿನ ಸೇತುವೆಯ ತೊಲೆಯಡಿಯ ನಟ್ಟಿನ ಮೇಲೆ ಭಾರ ದುಪ್ಪಟ್ಟಾಯಿತು. ಪಿಯುಸಿ ಹುಡುಗನೂ ಹಾಕಬಹುದಾದ ಲೆಕ್ಕ ಅದು. ಬದಲಾದ ನಕ್ಷೆಗೆ ಎಂಜಿನಿಯರರ ಮೊಹರು ಬಿತ್ತು, ಲೆಕ್ಕ ಮಾತ್ರ ಯಾರೂ ಹಾಕಲಿಲ್ಲ. ಇಬ್ಬರು ಎಂಜಿನಿಯರರ ಪರವಾನಗಿ ಹೋಯಿತು. ಅವರಲ್ಲೊಬ್ಬರಾದ ಜ್ಯಾಕ್ ಗಿಲಮ್ ಮುಂದೆ ಎಂಜಿನಿಯರುಗಳ ಸಭೆಗಳಲ್ಲಿ ಈ ದುರಂತದ ಪಾಠವನ್ನು ತಾವೇ ಹೇಳಿದರು.

ಇಂಥ ಹೊಣೆಯನ್ನು ನಮ್ಮ ಹುಡುಗರಿಗೆ ಎಲ್ಲಿ ಕಲಿಸುತ್ತೇವೆ? ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ, ಮೂರನೇ ಸೆಮಿಸ್ಟರಿಗೆ ಸಾಮಾಜಿಕ ಹೊಣೆಗಾರಿಕೆಯ ವಿಷಯವೊಂದಿದೆ: ಗಿಡ ನೆಡುವುದು, ಪಾರಂಪರಿಕ ನಡಿಗೆ, ನೀರಿನ ಸಂರಕ್ಷಣೆ. ಒಳ್ಳೆಯದೇ. ಆದರೆ ಗಿಡದ ಪಕ್ಕ ನಿಂತು ತೆಗೆಸಿಕೊಂಡ ಫೋಟೊಗೆ ಅಂಕ ಕೊಟ್ಟು ಮುಗಿಸಿದರೆ ಸಾಲದು.

ಮೇಷ್ಟರುಗಳು ಆ ಹೋಟೆಲಿನ ಎರಡೂ ನಕ್ಷೆಗಳನ್ನು ಸ್ಟ್ರೆಂಗ್ತ್ ಆಫ್ ಮೆಟೀರಿಯಲ್ಸ್ ತರಗತಿಯಲ್ಲೇ ಬೋರ್ಡಿನ ಮೇಲೆ ಬಿಡಿಸಲಿ. ಬದಲಾದ ನಕ್ಷೆಗೆ ಸಹಿ ಹಾಕುತ್ತೀರಾ ಎಂದು ಹುಡುಗರನ್ನು ಕೇಳಲಿ.