ಮಾತನ್ನು ನುಂಗುವ ಕೋಣೆ



ಅರಸೀಕೆರೆಯಲ್ಲಿರುವ ನಮ್ಮ ಅಕ್ಕನಿಗೆ ಕಿವಿ ಮಂದವಾಯಿತೆಂದು ಮನೆಯವರೆಲ್ಲ ನಿಶ್ಚಯಿಸಿಬಿಟ್ಟಿದ್ದರು. ರೇಡಿಯೋದಲ್ಲಿ ವಾರ್ತೆ ಬರುವಾಗ "ಏನಂದರೋ ಅದು?" ಎಂದು ಅಕ್ಕ ಕೇಳುವುದು, ಮಗ ಧ್ವನಿ ಏರಿಸುವುದು, ಏರಿಸಿದಷ್ಟೂ ಗುಂಯ್ ಎಂಬ ನಾದ ಹೆಚ್ಚಿ ಮಾತು ಇನ್ನಷ್ಟು ಮುಳುಗುವುದು. ವೈದ್ಯರು ಪರೀಕ್ಷಿಸಿ, ವಯಸ್ಸಿಗೆ ತಕ್ಕಂತೆ ಕಿವಿ ಚೆನ್ನಾಗಿಯೇ ಇದೆ ಎಂದರು. ಹಾಗಾದರೆ ದೋಷವೆಲ್ಲಿ? ಹಳೆಯ ಹಂಚಿನ ಮನೆಯ ಪಡಸಾಲೆಯಲ್ಲಿ ಸ್ಪಷ್ಟವಾಗಿ ಕೇಳುತ್ತಿದ್ದ ಮಾತು ಹೊಸ ತಾರಸಿ ಕೋಣೆಯಲ್ಲಿ ಕೇಳದಾಗಿತ್ತು. ಕೆಟ್ಟದ್ದು ಕಿವಿಯಲ್ಲ, ಕೋಣೆ.

ಬರಿಯ ಕೊಡಕ್ಕೆ ನೀರು ತುಂಬುವಾಗ ಗಮನಿಸಿದ್ದೀರಷ್ಟೆ. ಮೊದಲು ತಗ್ಗಿದ್ದ ಸದ್ದು ನೀರು ಏರಿದಂತೆ ತಾನೂ ಏರುತ್ತದೆ. ಒಳಗೆ ಉಳಿದ ಗಾಳಿಯ ಅಳತೆಗೆ ತಕ್ಕ ಸ್ವರ ಅದು. ಕೋಣೆಯೂ ಒಂದು ದೊಡ್ಡ ಕೊಡವೇ. ಶಬ್ದ ಸೆಕೆಂಡಿಗೆ ಸುಮಾರು 1,130 ಅಡಿ ಓಡುತ್ತದೆ. 12 ಅಡಿ ಅಂತರದ ಎರಡು ಗೋಡೆಗಳ ನಡುವೆ ಒಮ್ಮೆ ಹೋಗಿಬರಲು 24 ಅಡಿ. ಅಂದರೆ ಸೆಕೆಂಡಿಗೆ ಸುಮಾರು 47 ಸಲ. ಆದ್ದರಿಂದ 47 ಕಂಪನಗಳ ಸ್ವರವೂ ಅದರ ಇಮ್ಮಡಿಯಾದ 94ರ ಸ್ವರವೂ ಅಲ್ಲಿ ಉಬ್ಬಿ ನಿಲ್ಲುತ್ತವೆ. ಗಂಡಸರ ದನಿಯ ಮೂಲಸ್ವರ 100ರ ಆಸುಪಾಸಿನದು. ಅಕ್ಕನ ಕೋಣೆಯೋ 12 ಅಡಿ ಚೌಕ. ಉದ್ದದ ಸ್ವರವೂ ಅಗಲದ ಸ್ವರವೂ ಒಂದೇ ಆಗಿ ಬಾಧೆ ಹೆಚ್ಚಿತ್ತು.

ಇನ್ನು, ಮಾತಿನ ಬಲವೆಲ್ಲ ಬಹುಮಟ್ಟಿಗೆ ಸ್ವರಗಳಲ್ಲಿ. ಅರ್ಥದ ಗುರುತು ವ್ಯಂಜನಗಳಲ್ಲಿ. ಸಕಾರ, ಶಕಾರ, ತಕಾರಗಳು ಎತ್ತರದ, ಕ್ಷೀಣವಾದ ಸದ್ದುಗಳು. ಮಂದ್ರದ ಸದ್ದು ಜೋರಾದರೆ ಮೇಲಿನದನ್ನು ಮುಚ್ಚಿಹಾಕುವುದು ಕಿವಿಯ ಧರ್ಮ. ಆದುದರಿಂದಲೇ ಧ್ವನಿ ಏರಿಸಿದಷ್ಟೂ ಅರ್ಥ ಇಳಿಯಿತು.

ತೆಳು ಪರದೆ ಕಟ್ಟಿದರೆ ಸರಿಹೋಗುವುದೆಂದು ಹಲವರು ತಿಳಿಯುತ್ತಾರೆ. ಅದು ವಿಪರೀತ ಫಲ ಕೊಡುವುದೇ ಹೆಚ್ಚು. 94ರ ಸ್ವರದ ಅಲೆ 12 ಅಡಿ ಉದ್ದ. ತೆಳು ಬಟ್ಟೆ ಅದಕ್ಕೆ ಲಕ್ಷ್ಯವೇ ಅಲ್ಲ. ಬಟ್ಟೆ ಹೀರುವುದು ವ್ಯಂಜನವನ್ನು, ಉಳಿಸುವುದು ಗುಂಗನ್ನು.

ನಾವು ಮಾಡಿದ್ದು ಇಷ್ಟು. ಮೂಲೆಯಲ್ಲಿದ್ದ ರೇಡಿಯೋ ಪೆಟ್ಟಿಗೆಯನ್ನು ಎರಡು ಗೋಡೆಗಳಿಂದಲೂ ದೂರ ತಂದೆವು. ಮೂಲೆ ಮಂದ್ರಕ್ಕೆಲ್ಲ ತುತ್ತೂರಿಯಿದ್ದಂತೆ. ಗೋಡೆಗೆ ಒರಗಿದ್ದ ಅಕ್ಕನ ಕುರ್ಚಿಯನ್ನು ನಾಲ್ಕಡಿ ಮುಂದೆ ಎಳೆದೆವು. ಉಬ್ಬಿದ ಸ್ವರದ ಒತ್ತಡ ಗೋಡೆಯ ಬಳಿ ಅತ್ಯಧಿಕ. ನಾಲ್ಕಡಿ ಈಚೆಗೆ, ಆ ಎರಡು ಸ್ವರಗಳಿಗೂ, ಅದು ಅರ್ಧಕ್ಕಿಳಿಯುತ್ತದೆ. ನಮ್ಮದು ತೆಂಗಿನ ಸೀಮೆ, ನಾರಿಗೆ ಬರವಿಲ್ಲ. ಎರಡು ದಪ್ಪನೆಯ ನಾರಿನ ಹಾಸಿಗೆಗಳನ್ನು ಸುರುಳಿ ಸುತ್ತಿ ಮೂಲೆಗಳಲ್ಲಿ ನಿಲ್ಲಿಸಿದೆವು. ಇದರ ಫಲ ಸ್ವಲ್ಪವೇ, ಆದರೂ ಉಂಟು. ಪೆಟ್ಟಿಗೆಯಲ್ಲಿ ಮಂದ್ರ ತಗ್ಗಿಸುವ ತಿರುಪಿದ್ದರೆ ತಗ್ಗಿಸಿರಿ. ಕಡೆಯದಾಗಿ, ಬಾಗಿಲು ಕಿಟಕಿಗಳನ್ನು ತೆರೆಯಿರಿ.

ಈ ಕೊನೆಯ ಮಾತಿಗೆ ನಮ್ಮ ಸೀಮೆಯಲ್ಲೇ ನಿದರ್ಶನವಿದೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರ ಚೆನ್ನಕೇಶವನ ಗುಡಿಯ ನವರಂಗ ಮೊದಲು ತೆರೆದೇ ಇತ್ತು. ಕಲ್ಲಿನ ಜಾಲಂಧ್ರಗಳು ಇಮ್ಮಡಿ ಬಲ್ಲಾಳನ ಕಾಲದವು. ಅರಸೀಕೆರೆಯ ಈಶ್ವರ ದೇವಾಲಯದ ಮುಂದಣ ನಕ್ಷತ್ರಾಕಾರದ ಮಂಟಪ ಇಂದಿಗೂ ಬಯಲಿಗೆ ತೆರೆದಿದೆ. ನಾದದ ಹದಕ್ಕೆಂದೇ ಶಿಲ್ಪಿಗಳು ಹೀಗೆ ಮಾಡಿದರೆಂದು ನಾನು ಹೇಳಲಾರೆ. ಗಾಳಿ ಬೆಳಕುಗಳ ಅಗತ್ಯವೂ ಇದ್ದೀತು. ಆದರೆ ಗಾಳಿ ನುಸುಳುವ ರಂಧ್ರದಲ್ಲಿ ಮಂದ್ರದ ಅಲೆಯೂ ನುಸುಳಿ ಹೋಗುತ್ತದೆಂಬುದು ನಿಜ. ಹಂಚಿನ ಸಂದುಗಳಿದ್ದ, ತೊಟ್ಟಿಗೆ ತೆರೆದಿದ್ದ ನಮ್ಮ ಹಿರಿಯರ ಮನೆಗಳಲ್ಲಿಯೂ ನಡೆದದ್ದು ಅದೇ.

ನಿಮ್ಮ ಮನೆಯಲ್ಲಿ ಪರೀಕ್ಷೆ ಸುಲಭ. ತಂಬೂರಿಯ ಶ್ರುತಿಯೋ ಮೃದಂಗದ ಎಡದ ನಾದವೋ ಬರುತ್ತಿರುವಾಗ ಕೋಣೆಯಲ್ಲಿ ಮೆಲ್ಲನೆ ನಡೆಯಿರಿ. ಒಂದು ಕಡೆ ಉಬ್ಬುತ್ತದೆ, ಒಂದು ಕಡೆ ತಗ್ಗುತ್ತದೆ. ಮಾತು ತಿಳಿಯಾದ ಕಡೆ ಹಿರಿಯರ ಕುರ್ಚಿಯನ್ನು ಹಾಕಿರಿ. ಕಿವಿಯ ಪರೀಕ್ಷೆ ಮಾಡಿಸುವುದನ್ನು ಮಾತ್ರ ಬಿಡಬೇಡಿ. ಎರಡು ದೋಷಗಳೂ ಕೂಡಿ ಬರಬಹುದು.

ಮರುದಿನ ಸಂಜೆ ವಾರ್ತೆಯ ಹೊತ್ತಿಗೆ ಮಗ ಅಭ್ಯಾಸಬಲದಿಂದ ಧ್ವನಿ ಏರಿಸಲು ಹೋದ. ಅಕ್ಕ ಗದರಿದಳು: "ಯಾಕೋ ಅಷ್ಟು ಜೋರು? ನಾನೇನು ಕಿವುಡಿಯೇ?"