ಇನ್ವರ್ಟರಿನ ಸ್ಥಿರತೆ ಮತ್ತು ಶರಾವತಿ ಕಣಿವೆ
(ಉಪನ್ಯಾಸದ ಬರಹರೂಪ)



ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆ ಪ್ರಸ್ತಾಪವಾಗಿದೆ. ಸಿಂಗಳೀಕಗಳ ಅಭಯಾರಣ್ಯದೊಳಗಿನ ಈ ಯೋಜನೆಗೆ ನೀಡಲಾಗುವ ಸಮರ್ಥನೆಗಳಲ್ಲಿ ವಿದ್ಯುತ್ ಜಾಲದ ಸ್ಥಿರತೆಯೂ ಒಂದು. ಆ ಮಾತನ್ನು ಒಪ್ಪುವ ಅಥವಾ ತಳ್ಳಿಹಾಕುವ ಮೊದಲು ಅದರ ಅರ್ಥವನ್ನು ತಿಳಿಯುವುದು ಅಗತ್ಯ.

ಜಲವಿದ್ಯುದಾಗಾರದ ತಿರುಗುವ ಯಂತ್ರವು ಜಾಲದಲ್ಲಿ ಏರುಪೇರಾದಾಗ ತನ್ನ ಜಡತ್ವದಿಂದಲೇ ಆವೃತ್ತಿಯ ಕುಸಿತವನ್ನು ನಿಧಾನಗೊಳಿಸುತ್ತದೆ. ಪಾವಗಡದ 2050 ಮೆಗಾವಾಟ್ ಸೌರ ಪಾರ್ಕಿನಲ್ಲಿ ಅಂತಹ ಯಂತ್ರವಿಲ್ಲ. ಅಲ್ಲಿ ಫಲಕಗಳ ಡಿ.ಸಿ. ವಿದ್ಯುತ್ತನ್ನು 50 ಹರ್ಟ್ಸ್ ಎ.ಸಿ. ವಿದ್ಯುತ್ತಾಗಿಸುವುದು ಇನ್ವರ್ಟರ್ ಎಂಬ ಎಲೆಕ್ಟ್ರಾನಿಕ್ ಪರಿವರ್ತಕ. ಸಾಮಾನ್ಯ ಇನ್ವರ್ಟರ್ ಜಾಲದ ವೋಲ್ಟೇಜ್ ಅಲೆಯನ್ನು ಅಳೆದು ಹಿಂಬಾಲಿಸುತ್ತದೆ. ಜಾಲ ದುರ್ಬಲವಾಗಿದ್ದಲ್ಲಿ ಅದು ಹರಿಸುವ ವಿದ್ಯುತ್ತೇ ಅದು ಅಳೆಯುವ ಅಲೆಯನ್ನು ಕದಲಿಸುತ್ತದೆ; ಸರಿಪಡಿಸಹೋದಂತೆ ಓಲಾಟ ಬೆಳೆಯಬಹುದು. ಆದ್ದರಿಂದ ಇನ್ವರ್ಟರನ್ನು ಜಾಲದೊಡನೆ ಕೂಡಿಸಿಯೇ ಅಳೆಯಬೇಕು.

ಸಂಪರ್ಕಬಿಂದುವಿನಲ್ಲಿ ಜಾಲದ ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯವನ್ನು ಸೌರ ಘಟಕದ ಸಾಮರ್ಥ್ಯದಿಂದ ಭಾಗಿಸಿದರೆ ಮೊದಲ ಸೂಚಿ ದೊರೆಯುತ್ತದೆ. ಅದು 3ಕ್ಕಿಂತ ಕಡಿಮೆಯಿದ್ದರೆ ಜಾಲವನ್ನು ದುರ್ಬಲವೆಂದು ಎಣಿಸುವುದು ವಾಡಿಕೆ. ನೆರೆಯ ಇನ್ವರ್ಟರುಗಳ ಪರಸ್ಪರ ಪ್ರಭಾವ ಈ ಸ್ಥೂಲ ಅಳತೆಯಲ್ಲಿ ಕಾಣದು. ಹಾಗಾಗಿ ವಿವಿಧ ಆವೃತ್ತಿಗಳಲ್ಲಿ ಇನ್ವರ್ಟರ್ ಮತ್ತು ಜಾಲಗಳ ಇಂಪೀಡೆನ್ಸನ್ನು ಹೋಲಿಸಬೇಕು. ದೋಷಸನ್ನಿವೇಶಗಳನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿ ಪರೀಕ್ಷಿಸಬೇಕು.

2016ರ ಆಗಸ್ಟ್ 16ರಂದು ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚಿನಿಂದ ಪ್ರಸರಣ ಮಾರ್ಗಗಳಲ್ಲಿ ದೋಷ ತಲೆದೋರಿ ಸುಮಾರು 1200 ಮೆಗಾವಾಟ್ ಸೌರವಿದ್ಯುತ್ ನಿಂತುಹೋಯಿತು. ಹಲವು ಇನ್ವರ್ಟರುಗಳು ವಿಕೃತ ಅಲೆಯಿಂದ ಆವೃತ್ತಿಯನ್ನು ತಪ್ಪಾಗಿ ಲೆಕ್ಕಹಾಕಿ ಜಾಲದಿಂದ ಕಳಚಿಕೊಂಡಿದ್ದವು. ಆ ದೋಷಕ್ಕೆ ಪರಿಹಾರ ದೊರೆತದ್ದು ನಿಯಂತ್ರಣದ ಮಾರ್ಪಾಡಿನಲ್ಲಿ. ದಕ್ಷಿಣ ಆಸ್ಟ್ರೇಲಿಯಾವು 2021ರಲ್ಲಿ ನಾಲ್ಕು ಸಿಂಕ್ರೊನಸ್ ಕಂಡೆನ್ಸರುಗಳನ್ನು ಅಳವಡಿಸಿಕೊಂಡಿತು. ಇವು ಇಂಧನ ಸುಡದೆ, ಜಾಲದಿಂದ ಅಲ್ಪ ವಿದ್ಯುತ್ ಪಡೆದು ತಿರುಗುತ್ತ, ಜಾಲಕ್ಕೆ ಬಲವನ್ನೂ ಜಡತ್ವವನ್ನೂ ನೀಡುವ ಯಂತ್ರಗಳು. ಸ್ವತಃ ಅಲೆಯನ್ನು ರೂಪಿಸಬಲ್ಲ ಇನ್ವರ್ಟರುಗಳೂ ಬ್ಯಾಟರಿಗಳೊಡನೆ ಬಳಕೆಗೆ ಬಂದಿವೆ.

ಮಧ್ಯಾಹ್ನದ ಸೌರವಿದ್ಯುತ್ತನ್ನು ಸಂಜೆಗೆ ಉಳಿಸಿಡುವ ಅಗತ್ಯ ನಿಜವಾದದ್ದು. ಕಂಡೆನ್ಸರಿನಿಂದ ಅದು ಈಡೇರದು. ಪಂಪ್ಡ್ ಸ್ಟೋರೇಜ್ ಸಂಗ್ರಹ ಹಾಗೂ ಸ್ಥಿರತೆ ಎರಡನ್ನೂ ಒದಗಿಸಬಲ್ಲದು. ಆದರೂ ಇವು ಎರಡು ಪ್ರತ್ಯೇಕ ಲೆಕ್ಕಗಳು. ಎಷ್ಟು ಗಂಟೆಗಳ ಸಂಗ್ರಹ ಬೇಕು, ಯಾವ ಉಪಕೇಂದ್ರದಲ್ಲಿ ಜಾಲ ದುರ್ಬಲವಾಗಿದೆ, ಅಲ್ಲಿಯೇ ಯಾವ ಪರಿಹಾರ ಸಾಧ್ಯ ಎಂಬ ಅಧ್ಯಯನ ಸಾರ್ವಜನಿಕರ ಮುಂದೆ ಬರಬೇಕು. ಸ್ಥಿರತೆಯ ಹೆಸರಿನಲ್ಲಿ ಕಣಿವೆಯ ಮರಗಳನ್ನು ಕೇಳುವವರು ಮೊದಲು ಆ ಲೆಕ್ಕವನ್ನು ಒಪ್ಪಿಸಲಿ.